ಕೈ ಜೇಬಿನಲ್ಲಿರಲಿ

ಅಕ್ಟೋಬರಿನ ಕೊನೆಯ ಶನಿವಾರ. ಇದ್ರಿಯಾದ ಮೇಲಿನ ಬೀಚ್ ಕಾಡು
ತಿಕ್ಕಿ ಬೋರಲು ಹಾಕಿದ ತಾಮ್ರದ ಹಂಡೆ.
ನಾವು ಆರು ಜನ, ನಾಯಕರಾಗಲು ಬಂದವರು:
ಒಬ್ಬ ದಂತವೈದ್ಯೆ, ಬೇಕರಿಯ ಅಣ್ಣ ತಂಗಿ,
ಇನ್ನೂ ಇಪ್ಪತ್ತು ತುಂಬದ ಇಬ್ಬರು, ಮತ್ತು ನಾನು,
ತೊಲ್ಮಿನ್ ಮಾರ್ಗದ ಬಸ್ಸು ಓಡಿಸುವ ರಾಡೊವಾನ್.
ಮಗಳು ಸ್ಕೌಟಿಗೆ ಸೇರಿದಳು. ಅವಳ ಫಾರ್ಮಿಗೆ ಸಹಿ ಹಾಕುವಾಗ
ಅಡಿಯಲ್ಲಿದ್ದ ಇನ್ನೊಂದಕ್ಕೂ ಹಾಕಿಸಿಕೊಂಡರು. ಅಷ್ಟೇ ಕಥೆ.

ಕಲಿಸುವಾಕೆ ಸ್ಲಾವ್ಕಾ. ಅರವತ್ತೆಂಟು.
ಲೇಸು ಹೆಣೆದು ಹೆಣೆದು ನುಣುಪಾದ ಬೆರಳು.
ಹಗ್ಗದ ಗಂಟನ್ನು ನಮ್ಮ ಮುಖ ನೋಡುತ್ತಲೇ ಹಾಕುತ್ತಾಳೆ.
"ಗಟ್ಟಿಯಾಗಿದ್ದರೆ ಸಾಲದು,
ಬಿಚ್ಚು ಅಂದಾಗ ಬಿಚ್ಚಿಕೊಳ್ಳಬೇಕು."
ದಂತವೈದ್ಯೆ ಬರೆದುಕೊಂಡಳು.

ಬೆಳಿಗ್ಗೆ ನಕ್ಷೆ, ದಿಕ್ಸೂಚಿ, ಮಂಜು.
ಮಧ್ಯಾಹ್ನ ಮಕ್ಕಳ ಜೊತೆ ಚೆಸ್ಟ್‌ನಟ್ ಆಯ್ದೆವು.
ಮುಳ್ಳುಹಂದಿ ಮರಿಯಂಥ ಸಿಪ್ಪೆ; ಬೂಟಿನಂಚಿನಿಂದ ಒತ್ತಿದರೆ
ಒಳಗೆ ಒಂದಕ್ಕೊಂದು ಆತುಕೊಂಡ ಮೂರು.
ಸುಡುವ ಮುನ್ನ ಒಂದೊಂದರ ಹೊಟ್ಟೆ ಸೀಳಬೇಕು,
ಇಲ್ಲದಿದ್ದರೆ ಸಿಡಿಯುತ್ತವೆ.
ಯೆರ್ನೇಯ್ ಬೇಕೆಂದೇ ಒಂದನ್ನು ಸೀಳಲಿಲ್ಲ.
ಢಂ.
ಬೇಕರಿಯವಳ ಟೋಪಿ ತುಂಬ ಬೂದಿ.

ಆಮೇಲೆ ಪಾಠ. ಮಕ್ಕಳು ಡೇರೆ ಹೂಡಬೇಕು,
ನಾವು ನೋಡಬೇಕು. ಮಾತಿಲ್ಲ. ಕೈ ಜೇಬಿನಲ್ಲಿರಲಿ.
ನಲವತ್ತು ನಿಮಿಷ.

ಹತ್ತೊಂಬತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈ ಇದು,
ತಿರುವು ಬರುವ ಮೊದಲೇ ತಿರುಗುತ್ತದೆ.
ನೇಜಾ ಗೂಟವನ್ನು ಡೇರೆಯ ಕಡೆಗೇ ವಾಲಿಸಿ ಬಡಿದಳು.
ತಿಲೆನ್ ಹಾಕಿದ್ದು ಗಂಟಲ್ಲ, ಗಂಟಿನ ನೆನಪು.
ಗಾಳಿ ಯಾವ ಕಡೆಯದೆಂದು ಯಾರೂ ಕೇಳಲಿಲ್ಲ,
ಬಾಗಿಲು ಸರಿಯಾಗಿ ಅದರ ಬಾಯಿಗೇ.
ನನ್ನ ನಾಲಗೆ ಹಲ್ಲಿನ ಹಿಂದೆ ನಿಂತು ಹಾರನ್ ಒತ್ತುತ್ತಿತ್ತು.
ಜೇಬಿನಲ್ಲಿ ಒಂದು ಹಳೆ ಟಿಕೆಟ್ಟು, ಸುಲಿದ ಒಂದು ಚೆಸ್ಟ್‌ನಟ್.
ಒತ್ತಿ ಒತ್ತಿ ಹಿಟ್ಟು ಮಾಡಿದೆ.

ಅದು ಗಡಿಯಾರ ಹಿಂದೆ ಸರಿಯುವ ರಾತ್ರಿ.
ವರ್ಷಕ್ಕೊಮ್ಮೆ, ಮೂರಾಗಬೇಕಾದ ಹೊತ್ತಿಗೆ ಮತ್ತೆ ಎರಡಾಗುತ್ತದೆ.
ಊರೆಲ್ಲ ಆ ಗಂಟೆಯನ್ನು ನಿದ್ದೆಯಲ್ಲಿ ಕಳೆಯುತ್ತದೆ,
ರಾತ್ರಿ ಪಾಳಿಯ ಚಾಲಕರು ಮಾತ್ರ
ಸಂಬಳದ ಚೀಟಿಯಲ್ಲಿ ಹುಡುಕುತ್ತಾರೆ.

ಮೊದಲ ಎರಡೂವರೆಗೆ ಡೇರೆ ಬಿತ್ತು.
ನಿಧಾನವಾಗಿ, ಮಲಗಲು ಮಂಡಿಯೂರುವ ಹಸುವಿನ ಹಾಗೆ.
ಒಳಗೆ ಐದು ಟಾರ್ಚು, ಒಂದು ಅಳು, ಆಮೇಲೆ ನಗು.
ಬೂಟಿನ ದಾರ ಕಟ್ಟದೆ ಓಡಿದೆ.
ಸ್ಲಾವ್ಕಾ ಆಗಲೇ ಕತ್ತಲಲ್ಲಿ ನಿಂತಿದ್ದಳು, ಕಂಬಳಿ ಹೊದ್ದು,
ಕೈ ಕಂಬಳಿಯೊಳಗೆ.
ನಡುಗುತ್ತಿದ್ದವೋ ಏನೋ, ಕಾಣಲಿಲ್ಲ.
"ಯಾರಿಗಾದರೂ ಪೆಟ್ಟಾಗಿದೆಯಾ?"
ಇಲ್ಲ.
"ಚಳಿ?"
ಆಗಿದೆ.
"ಹಾಗಾದರೆ ಟೀ ಇಡು. ಅದು ನಮ್ಮ ಕೆಲಸ."

ನೀರು ಕುದಿಯುವಷ್ಟರಲ್ಲಿ ಎರಡನೆಯ ಸಲ ಎರಡಾಯಿತು.
ನೇಜಾ ಗೂಟ ಕಿತ್ತು ಹೊರಕ್ಕೆ ವಾಲಿಸಿ ಹೊಡೆದಳು,
ಕೊಡಲಿಯ ಬೆನ್ನಿನಿಂದ.
ತಿಲೆನ್ ಬೆರಳು ನೆಕ್ಕಿ ಮೇಲೆತ್ತಿ ಗಾಳಿಯನ್ನು ವಿಚಾರಿಸಿದ.
ಯೆರ್ನೇಯ್ ಎಲ್ಲರ ಕಣ್ಣಿಗೂ ಟಾರ್ಚು ಬಿಟ್ಟು ಬೈಸಿಕೊಂಡ.
ನನ್ನ ಮಗಳು ಜೀವಾ, ಅತ್ತವಳು ಅವಳೇ,
ನನ್ನ ಕಡೆ ಒಮ್ಮೆ ನೋಡಿದಳು.
ಆ ನೋಟ ನನಗೆ ಗೊತ್ತು. ಬೆಲ್ ಒತ್ತಿಬಿಟ್ಟು
ಇದೇ ಸ್ಟಾಪೋ ಅಲ್ಲವೋ ಎಂದು ನಿಂತವರದು.
ಕೆಟಲಿನ ಹಿಡಿ ಸುಡುತ್ತಿತ್ತು. ಬಿಡಲಿಲ್ಲ.
ಅವಳು ತಿರುಗಿ ಹಗ್ಗ ಎಳೆದಳು.

ಡೇರೆ ನಿಂತಿತು. ನೆಟ್ಟಗೇನಲ್ಲ.

ಬೆಳಿಗ್ಗೆ ಸರ್ಟಿಫಿಕೇಟು. ನನ್ನ ಹೆಸರಲ್ಲಿ ಒಂದಕ್ಷರ ತಪ್ಪಿತ್ತು.
ತಿದ್ದಿ ಕೊಡಲೇ ಅಂದಳು ಸ್ಲಾವ್ಕಾ.
ಇರಲಿ ಅಂದೆ.

ಸೋಮವಾರ, ಆರೂ ಹತ್ತರ ಬಸ್ಸು. ರಸ್ತೆಗೆ ಒದ್ದೆ ಎಲೆ ಅಂಟಿವೆ.
ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಕಿಟಕಿಯ ಚಿಲಕದ ಜೊತೆ
ಹೆಣಗುವುದು ಕನ್ನಡಿಯಲ್ಲಿ ಕಂಡಿತು.
ಮೇಲಕ್ಕೆತ್ತಿ ಎಳಿ, ಅನ್ನಬೇಕು. ಅನ್ನಲಿಲ್ಲ.
ಕೆಂಪು ದೀಪದಲ್ಲಿ ಕೈ ತಾನೇ ಜೇಬಿಗೆ ಹೋಯಿತು:
ಇನ್ನೂ ಇದೆ ಹಿಟ್ಟು,
ಟಿಕೆಟ್ಟಿಗೆ ಮೆತ್ತಿಕೊಂಡು.