ರೆಸಿಸ್ಟ್

ಅಬೆಯೊಕುಟಾದ ಶಾಲೆಯಲ್ಲಿ ಟೀಚರ್ ಹಲಗೆಗೆ ಬರೆದರು:
ರೆಸಿಸ್ಟ್. ಕ್ರಿಯಾಪದ. ತಡೆ, ಎದುರು ನಿಲ್ಲು, ಜಗ್ಗದಿರು.
ವಾಕ್ಯ ಮಾಡಿ ಅಂದರು. ಮಾಡಿದೆವು:
ಹುರಿದ ಬಾಳೆಹಣ್ಣು ಕಂಡರೆ ರೆಸಿಸ್ಟ್ ಮಾಡಲಾರೆ,
ನಿದ್ದೆ ಬಂದರೆ ಮಾಡಲಾರೆ,
ಗೋಲು ಹೊಡೆದು ನಗುವ ಒಲುಮಿಡೆಯನ್ನು...
ಆ ಸಾಲು ಹೊಡೆದುಹಾಕಿದೆ.
ಎಂಥ ಪದ ನೋಡಿ, ಅರ್ಥದಲ್ಲಿ ಎದೆ ಸೆಟೆಸಿ ನಿಂತದ್ದು
ಬಳಕೆಯಲ್ಲೆಲ್ಲ ಸೋಲುತ್ತದೆ.

ಮನೆಗೆ ಬಂದರೆ ಸಿಕಿರಾತ್ ಅತ್ತೆ
ಮರಗೆಣಸಿನ ಗಂಜಿಗೆ ಕೋಳಿಗರಿ ಅದ್ದಿ
ಬಟ್ಟೆಯ ಮೇಲೆ ಹಕ್ಕಿ ಬಿಡಿಸುತ್ತಿದ್ದಳು.
ಲಾಗೋಸಿನ ಗಿರಾಕಿ ಗಂಜಿಗೆ ಬೆರಳಿಟ್ಟು
'ಇದೇ ತಾನೆ ರೆಸಿಸ್ಟ್?' ಅಂದ.
ಹಾಗಾದರೆ ನಾಮಪದವೂ ಹೌದು.
ಬೋಗುಣಿಯಲ್ಲಿತ್ತು. ಮೇಲೊಂದು ನೊಣ.

ಅತ್ತೆಗೆ ಇಂಗ್ಲಿಷ್ ಬಾರದು.
ಮೂವತ್ತು ವರ್ಷ ನೀಲಿಹಂಡೆಗೆ ಸೊಪ್ಪು ಹಾಕಿದವಳು,
ಬೇರೆ ಯಾರಿಗೂ ಸೊಪ್ಪು ಹಾಕಲಿಲ್ಲ.
ಎರಡನೇ ಮದುವೆಗೆ, ಕಾರ್ಖಾನೆಯ ಬಣ್ಣದ ಪುಡಿಗೆ,
ಅಂಗಳ ಕೇಳಲು ಬಂದ ಭಾವನಿಗೆ
ಒಂದೇ ಉತ್ತರ: ಒಲ್ಲೆ.

ಏಳು ಸಲ ಅದ್ದಿದಳು. ಒಣಗಿದ ಮೇಲೆ
ಗಂಜಿ ಕೆರೆದು, ಗುಡಿಸಿ, ಎಸೆದಳು.
ಹಕ್ಕಿ ಬಿಳಿ ಇರಲಿಲ್ಲ.
ನೀಲಿ ಅಷ್ಟಿಷ್ಟು ಒಳನುಗ್ಗಿತ್ತು.
'ತಡೀಲಿಲ್ಲವಲ್ಲ ಅತ್ತೆ' ಅಂದೆ.
'ಗಂಜಿ ಕಣೇ, ಗೋಡೆಯಲ್ಲ'
ಮೊಳಕೈವರೆಗೆ ನೀಲಿ ಹತ್ತಿದ ಕೈ ಒರೆಸುತ್ತ ಅಂದಳು,
'ಹಕ್ಕಿ ಕಾಣ್ತದೆ ತಾನೆ?'

ನಾಳೆಗೆ ಇನ್ನೊಂದು ವಾಕ್ಯ ಬರೆಯಬೇಕು.
ಬಟ್ಟೆ ಹಿಂಡಿದ ಬೆರಳು ತಾಗಿದಲ್ಲೆಲ್ಲ
ಹಾಳೆ ಆಗಲೇ ನೀಲಿ.