ಎಡಗಿವಿಯ ಕೆಳಗೆ ಮಚ್ಚೆ

ರಟ್ಟು ಕಿತ್ತುಹೋಗಿದೆ, ಹೊಲಿಗೆ ಮಾತ್ರ ಗಟ್ಟಿ.
ಮೊದಲ ಪುಟದಲ್ಲಿ ಅಪ್ಪ:
ಎತ್ತರ ಐದಡಿ ಮೂರಿಂಚು, ಕಸುಬು ಹಲ್ಲು ಕಟ್ಟುವುದು,
ಗುರುತು ಎಡಗಿವಿಯ ಕೆಳಗೆ ಮಚ್ಚೆ.
ಫೋಟೋದಲ್ಲಿ ಆ ಕಿವಿ ಕಾಣುವುದಿಲ್ಲ.

ಹೆಸರು ಮೂರು ಕಡೆ ಮೂರು ಬಗೆ.
ಲ್ಯೂ ಟಿಂಗ್ ಶಾನ್, ಲಿಯು ತಿನ್ ಸಾನ್,
ಐವತ್ತೊಂಬತ್ತರ ಸೀಲಿನಡಿ ಬರೇ ಲೂಯಿಸ್ ಸನ್.
ಅಪ್ಪ ತಿದ್ದಿಸಲಿಲ್ಲ.
ತಿದ್ದಿಸಲು ಅರ್ಜಿ ಬೇಕು,
ಅರ್ಜಿಗೆ ಯಾವ ಹೆಸರು ಹಾಕುವುದು?

ರೈಟರ್ ಸಂಕಪ್ಪ ಸಾಲ್ಯಾನರು
ಅಪ್ಪನ ಹತ್ತೂ ಬೆರಳು ಒಂದೊಂದಾಗಿ ಹಿಡಿದು
ಶಾಯಿಯಲ್ಲಿ ಹೊರಳಿಸಿದವರು.
ಅವರ ಮೇಲ್ದವಡೆಯ ಅಚ್ಚು
ಹಂಪನಕಟ್ಟೆಯ ನಮ್ಮ ಅಂಗಡಿಯ ಕಪಾಟಿನಲ್ಲಿತ್ತು,
ಸುಣ್ಣದ ಬಿಳಿ, ಹೆಸರಿನ ಚೀಟಿ ಅಂಟಿಸಿ, ತಪ್ಪಿಲ್ಲದೆ.
ಅಪ್ಪ ಕಟ್ಟಿದ ಹಲ್ಲಿನಲ್ಲೇ ಅವರು ಬಂಗುಡೆ ತಿಂದದ್ದು,
ಆ ಹಲ್ಲಿನಲ್ಲೇ ಹೇಳಿದ್ದು:
"ಎಂತ ಮಾಡುವುದು ಡಾಕ್ಟ್ರೇ, ಮೇಲಿನಿಂದ ಆರ್ಡರ್."

ಅರವತ್ತೆರಡರ ನವೆಂಬರ್.
ಊರ ಗಡಿ ದಾಟಲು ಚೀಟಿ ಬೇಕು.
ಗಡಿ ಎಂದರೆ ನೇತ್ರಾವತಿ.
ಆಚೆ ಪೆರ್ಮನ್ನೂರಿನಲ್ಲಿ ವ್ಹಡ್ಲಿಮಾಯ್
ಪಾದ್ರಿ ಬಂದು ಎಣ್ಣೆ ಹಚ್ಚಿ ಹೋದ ಮೇಲೂ
ಅಳಿಯ ಬಂದನಾ ಎಂದು ಕೇಳುತ್ತಿದ್ದಳಂತೆ.
ಅಮ್ಮ ನನ್ನನ್ನೆತ್ತಿಕೊಂಡು ದೋಣಿ ಹತ್ತಿದಳು.
ಅಪ್ಪ ಕಡವಿನಲ್ಲಿ, ಮೊಣಕಾಲವರೆಗೆ ನೀರಿನಲ್ಲಿ.
ಅಷ್ಟು ನೀರು ಊರಿನ ಒಳಗೋ ಹೊರಗೋ
ಪುಸ್ತಕದಲ್ಲಿ ಬರೆದಿಲ್ಲ.

ಮೂರನೆಯ ದಿನ ಚೀಟಿ ಬಂತು.
ಇಪ್ಪತ್ತನಾಲ್ಕು ಗಂಟೆಗೆ ಮಾತ್ರ. ಕಾರಣ: ಅತ್ತೆಗೆ ಅಸೌಖ್ಯ.
ಅಷ್ಟರಲ್ಲಿ ಹೂಳಿಯಾಗಿತ್ತು.
ಇಲ್ಲೇ ಇದೆ ಅದು, ಹನ್ನೊಂದನೆಯ ಪುಟಕ್ಕೆ ಚುಚ್ಚಿ.
ಗುಂಡುಸೂಜಿಯ ತುಕ್ಕು ಹತ್ತಕ್ಕೂ ಒಂಬತ್ತಕ್ಕೂ ದಾಟಿದೆ,
ಯಾರ ಅನುಮತಿಯೂ ಇಲ್ಲದೆ.

ಹದಿನಾರಕ್ಕೆ ನನಗೂ ಒಂದು ಪುಸ್ತಕ.
ಭಾರತಕ್ಕೆ ಬಂದದ್ದು ಹೇಗೆ ಎಂದು ಕಾಲಂ.
ಲೇಡಿ ಗೋಶನ್ ಆಸ್ಪತ್ರೆ, ಎರಡನೆಯ ವಾರ್ಡು, ಎಂದೆ.
ತುಳುವಿನಲ್ಲೂ ಹೇಳಿದೆ.
ಹೊಸ ಗುಮಾಸ್ತ ತುಂಬಾ ಹೊತ್ತು ಪೆನ್ನು ಕಚ್ಚಿ
ಹಡಗು ಎಂದು ಬರೆದ.

ಕೊನೆಯ ಸೀಲು ಎಂಬತ್ತೊಂದರದು.
ಡಿಸೆಂಬರ್ ಮೂವತ್ತೊಂದರವರೆಗೆ ಇರಬಹುದು.
ಅಪ್ಪ ಆಗಸ್ಟಿನಲ್ಲೇ ಹೋದರು.
ನಾಲ್ಕು ತಿಂಗಳು ಇನ್ನೂ ಇದರಲ್ಲಿ ಬಾಕಿ.

ಪಿಂಚಣಿಯಾಗಿದ್ದ ಸಾಲ್ಯಾನರು ಬಂದಿದ್ದರು.
ಚಪ್ಪಲಿ ಹೊರಗೆ ಬಿಟ್ಟು, ಪೆಟ್ಟಿಗೆಯ ಮೇಲೆ ಬಾಗಿ,
ಹಳೆಯ ಅಭ್ಯಾಸ ಇರಬೇಕು,
ಎಡಗಿವಿಯ ಕೆಳಗೆ ನೋಡಿದರು.
ಏನೋ ಹೇಳಹೊರಟವರು
ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.