ನಲವತ್ತೇಳನೆಯ ಸಾಲು

ತೋರ್ಸ್‌ಹೌನಿನ ಬಂದರು ಕಚೇರಿ. ಬೆಳಗಿನ ಜಾವ ಐದು.
ರಾನ್ವಾ ಪುಲ್ ಕೊಟ್ಟಳು; ಗಿಟ್ ಅಡ್ಡ ಮಲಗಿತು.

ಒಂದೇ ಸಾಲು, ನಲವತ್ತೇಳನೆಯದು:
ಮೇಲೆ ಆರು ನಲವತ್ತು, ಅವಳದು;
ಕೆಳಗೆ ಆರು ಐವತ್ತೈದು, ಹೈನಿಯದು;
ನಡುವೆ ಸಮಚಿಹ್ನೆಗಳ ಬೇಲಿ.
ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದೆ ಫೈಲು.

ಬ್ರಾಂಚುಗಳನ್ನು ನೋಡಿದಳು: ‘ಚಳಿಗಾಲ-ಕೊನೆಯದು’,
ಪಕ್ಕದಲ್ಲೇ ‘ಚಳಿಗಾಲ-ನಿಜವಾಗಿ-ಕೊನೆಯದು’.
ಲಾಗ್ ತೆಗೆದಳು. ಹೈನಿಯ ಟಿಪ್ಪಣಿ ಒಂದೇ ಪದ:
‘ಸರಿಮಾಡಿದೆ.’
ಏನನ್ನು, ಮಹಾರಾಯ?

ಫೋನು ಹಚ್ಚಿದಳು. ಎತ್ತಿದ್ದು ಗಾಳಿ;
ಅದರ ಹಿಂದೆಲ್ಲೋ ಅವನ ದನಿ:
“ಕಟ್ಟೆಯ ಮೇಲೇ ಇದ್ದೇನೆ.
ಅಲೆ ದೀಪದ ಕಂಬ ಮುಟ್ಟುತ್ತಿದೆ.
ಇವತ್ತು ಹಡಗೇ ಇಲ್ಲ.”

ಬೇಲಿ ಕಿತ್ತಳು. ಎರಡೂ ವೇಳೆಗಳನ್ನು ಅಳಿಸಿದಳು,
ತನ್ನದನ್ನು ಕೊಂಚ ತಡೆದು.
ಆ ಜಾಗದಲ್ಲಿ ‘ರದ್ದು’.
ಗಿಟ್ ತಕರಾರಿಲ್ಲದೆ ನುಂಗಿತು;
ಅದಕ್ಕೆ ಸಮುದ್ರ ಗೊತ್ತಿಲ್ಲ,
ಯಾರು ಯಾವಾಗ ಬರೆದರೆಂಬುದಷ್ಟೇ ಗೊತ್ತು.

ಟಿಪ್ಪಣಿ? ಎಂದಿತು, ಖಾಲಿ ಪುಟ ತೆರೆದು.
ಗಾಳಿ, ಅಲೆ, ಕಂಬ, ಹೈನಿಯ ಒದ್ದೆ ದನಿ,
ಎಷ್ಟೆಂದು ಬರೆಯುವುದು?
ಹೊರಗೆ ಯಾರೋ ಪೆಟ್ಟಿಗೆ ಇಳಿಸಿ ಬಾಗಿಲು ತಟ್ಟುತ್ತಿದ್ದಾರೆ.

ಬರೆದಳು: ‘ಸರಿಮಾಡಿದೆ.’